ಭುಜದ ಟೆಂಡನ್: ಪರೀಕ್ಷಿಸುವ ಕೈ, ಪ್ರೋಬ್‌ನ ಕೋನ

ಭುಜ ನೋವೆಂದು ಬಂದವರಿಗೆ ಮೊದಲೇ ಸ್ಕ್ಯಾನ್ ಬರೆದುಕೊಡುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ತೊಂದರೆ ಏನೆಂದರೆ, ವಯಸ್ಸಾದವರಲ್ಲಿ ಎಳ್ಳಷ್ಟೂ ನೋವಿಲ್ಲದ ಭುಜದಲ್ಲೂ ಹರಿದ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ಕಾಣಸಿಗುತ್ತದೆ. ಕಂಡ ಸೀಳೇ ನೋವಿಗೆ ಕಾರಣವೇ ಎಂಬುದನ್ನು ಯಂತ್ರ ಹೇಳದು.

ಅಂಗಿ ತೆಗೆಸಿ, ಹಿಂದಿನಿಂದ ಎರಡೂ ಭುಜ ಹೋಲಿಸಿ. ಹೆಗಲೆಲುಬಿನ ಏಣಿನ ಮೇಲೆ, ಕೆಳಗೆ ಹಳ್ಳ ಬಿದ್ದಿದ್ದರೆ ಸ್ನಾಯು ಸೊರಗಿದೆ. ಆಮೇಲೆ ರೋಗಿಯೇ ಕೈ ಎತ್ತಲಿ. ನಂತರ ನೀವು ಎತ್ತಿ. ತಾನಾಗಿ ಏಳದ ಕೈ ನಿಮ್ಮ ಕೈಯಲ್ಲಿ ಸಲೀಸಾಗಿ ಎದ್ದರೆ ಟೆಂಡನ್ ಅಥವಾ ನರದ ಕಡೆ ನೋಡಿ. ನೀವು ತಿರುಗಿಸಿದರೂ ತೋಳು ಹೊರಕ್ಕೆ ತಿರುಗದಿದ್ದರೆ, ಎಕ್ಸ್-ರೇಯಲ್ಲಿ ಕೀಲು ಸವೆದಿಲ್ಲದಿದ್ದರೆ, ಅದು ಬಹುಶಃ ಫ್ರೋಜನ್ ಶೋಲ್ಡರ್ (ಕೀಲಿನ ಹೊದಿಕೆ ಬಿಗಿದು ಪೆಡಸಾದ ಭುಜ).

ಇನ್ನು ಒಂದೊಂದೇ ಸ್ನಾಯುವಿನ ಪರೀಕ್ಷೆ. ಏಣಿನ ಮೇಲಿನ ಸ್ನಾಯುವಾದ ಸುಪ್ರಾಸ್ಪೈನೇಟಸ್‌ಗೆ: ಮೊಣಕೈ ನೇರ, ತೋಳು 90 ಡಿಗ್ರಿ ಎತ್ತರ, ಪಕ್ಕದಿಂದ ಸುಮಾರು 30 ಡಿಗ್ರಿ ಮುಂದೆ, ಮೇಲಿನಿಂದ ಒತ್ತಿ. ಹೆಬ್ಬೆರಳು ಕೆಳಗಿಟ್ಟು ಮಾಡಿಸುವುದು ರೂಢಿ, ಆದರೆ ಮೇಲಿಟ್ಟರೆ ನೋವು ಕಡಿಮೆ, ಬಲವನ್ನು ಚೆನ್ನಾಗಿ ಅಳೆಯಬಹುದು. ಇಲ್ಲಿ ನೋವಿಗಿಂತ ಸೋತ ಬಲವೇ ಮುಖ್ಯ. ನೋವಿನಿಂದಲೇ ಸೋಲುತ್ತಿದೆಯೇ ಎಂಬ ಅನುಮಾನವಿದ್ದರೆ ಅಕ್ರೋಮಿಯನ್ (ಭುಜದ ನೆತ್ತಿಯ ಎಲುಬು) ಕೆಳಗೆ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟು ಮತ್ತೆ ಒತ್ತಿ. ನೋವು ಹೋದರೂ ಬಲ ಬರದಿದ್ದರೆ ಸೀಳಿನ ಶಂಕೆ ಗಟ್ಟಿಯಾಗುತ್ತದೆ. ಏಣಿನ ಕೆಳಗಿನ ಇನ್‌ಫ್ರಾಸ್ಪೈನೇಟಸ್‌ಗೆ ಮೊಣಕೈ ಮಡಚಿ, ಕೈಯನ್ನು ಪೂರ್ತಿ ಹೊರಕ್ಕೆ ತಿರುಗಿಸಿ, ತುಸು ಸಡಿಲಿಸಿ ಬಿಡಿ. ಕೈ ಅಲ್ಲೇ ನಿಲ್ಲದೆ ಒಳಕ್ಕೆ ಜಾರಿದರೆ ಸೀಳು ದೊಡ್ಡದು. ಹೆಗಲೆಲುಬಿನ ಮುಂಬದಿಯ ಸಬ್‌ಸ್ಕ್ಯಾಪುಲಾರಿಸ್‌ಗೆ ಅಂಗೈಯಿಂದ ಹೊಟ್ಟೆ ಒತ್ತಿಸಿ. ಮೊಣಕೈ ಹಿಂದಕ್ಕೆ ಬಿದ್ದು ಮಣಿಕಟ್ಟು ಮಡಚಿದರೆ ಅದು ಸೋತಿದೆ.

ಈಗ ಅಲ್ಟ್ರಾಸೌಂಡ್. 10 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ಲೀನಿಯರ್ ಪ್ರೋಬ್ (ಚರ್ಮದ ಮೇಲಿಡುವ, ನೇರ ಮುಖದ ಸ್ಕ್ಯಾನ್ ಹಿಡಿಕೆ) ಸಾಕು. ಅಂಗೈ ಮೇಲಾಗಿ ತೊಡೆಯ ಮೇಲಿಡಿಸಿ, ತೋಳಿನ ಮುಂಭಾಗದ ಸ್ನಾಯುವಾದ ಬೈಸೆಪ್ಸ್ ಟೆಂಡನ್‌ನಿಂದ ಶುರುಮಾಡಿ. ಉಳಿದದ್ದಕ್ಕೆಲ್ಲ ಅದೇ ಗುರುತುಕಲ್ಲು. ತೋಳನ್ನು ಹೊರಕ್ಕೆ ತಿರುಗಿಸಿದರೆ ಸಬ್‌ಸ್ಕ್ಯಾಪುಲಾರಿಸ್ ಹೊರಬರುತ್ತದೆ. ಸುಪ್ರಾಸ್ಪೈನೇಟಸ್ ಅಕ್ರೋಮಿಯನ್ ಅಡಿಯಲ್ಲಿ ಅಡಗಿರುತ್ತದೆ. ಅದು ಹೊರಬರಲು ಅಂಗೈಯನ್ನು ಪ್ಯಾಂಟಿನ ಹಿಂಜೇಬಿನ ಮೇಲಿಡಿಸಿ, ಮೊಣಕೈ ಹಿಂದಕ್ಕೆ ಒಯ್ಯಿಸಿ. ಬೈಸೆಪ್ಸ್‌ನಿಂದ ಸುಮಾರು 15 ಮಿಲಿಮೀಟರ್ ಹಿಂದಿನ ಜಾಗವನ್ನು ಬಿಡದೆ ನೋಡಿ, ಸವೆತದ ಸೀಳುಗಳು ಹೆಚ್ಚಾಗಿ ಅಲ್ಲೇ ಆರಂಭ.

ಹೊಸಬರು ಎಡವುವುದು ಅನೈಸೋಟ್ರೊಪಿಯಲ್ಲಿ, ಅಂದರೆ ಕಿರಣದ ಕೋನ ಬದಲಾದಂತೆ ಟೆಂಡನ್‌ನ ಬಿಂಬ ಬದಲಾಗುವುದರಲ್ಲಿ. ಎಲುಬಿಗೆ ಅಂಟುವಲ್ಲಿ ಎಳೆಗಳು ಬಾಗುತ್ತವೆ; ಧ್ವನಿಕಿರಣ ಲಂಬವಾಗಿ ಬೀಳದೆ ಟೆಂಡನ್ ಕಪ್ಪಾಗಿ ತೋರುತ್ತದೆ. ಪ್ರೋಬ್‌ನ ಒಂದು ತುದಿಯನ್ನು ಮೆಲ್ಲಗೆ ಒತ್ತಿ ಓರೆ ಮಾಡಿ. ಕಪ್ಪು ಮಾಯವಾದರೆ ಅದು ಸೀಳಲ್ಲ. ನಿಜವಾದ ಸೀಳು ಉದ್ದ, ಅಡ್ಡ ಎರಡೂ ನೋಟದಲ್ಲಿ ಉಳಿಯುತ್ತದೆ. ಒತ್ತಿದಾಗ ಮೇಲಿನ ಡೆಲ್ಟಾಯ್ಡ್ (ಭುಜವನ್ನು ಹೊದ್ದ ದಪ್ಪ ಸ್ನಾಯು) ಅದರೊಳಗೆ ಕುಸಿಯುತ್ತದೆ. ಬಹುದೊಡ್ಡ ಸೀಳಿನಲ್ಲಂತೂ ಟೆಂಡನ್ ಹಿಂಜರಿದು ಕಾಣುವುದೇ ಇಲ್ಲ; ಎಲುಬಿನ ಮೇಲೆ ನೇರವಾಗಿ ಕೂತ ಡೆಲ್ಟಾಯ್ಡನ್ನೇ ಟೆಂಡನ್ ಎಂದು ವರದಿ ಬರೆಯುವವರಿದ್ದಾರೆ.

ವರದಿಯಲ್ಲಿ ಬರೀ 'ಸೀಳು ಇದೆ' ಎಂದರೆ ಶಸ್ತ್ರವೈದ್ಯರಿಗೆ ಉಪಯೋಗವಿಲ್ಲ. ಭಾಗಶಃವೋ ಪೂರ್ಣವೋ, ಎರಡು ದಿಕ್ಕಿನ ಅಳತೆ, ತುದಿ ಎಷ್ಟು ಮಿಲಿಮೀಟರ್ ಹಿಂದೆ ಸರಿದಿದೆ, ಇಷ್ಟಿರಲಿ. ಲೇಬ್ರಮ್ (ಕೀಲಿನ ಗುಳಿಯ ಅಂಚಿನ ನಾರುಂಗುರ) ಬಗ್ಗೆ ಅನುಮಾನವಿದ್ದರೆ ಎಂಆರ್‌ಐ ಬೇಕು. ಬಿದ್ದ ಮೇಲೆ ಕೈಯೇ ಏಳದವರಿಗೆ ಮೊದಲು ಎಕ್ಸ್-ರೇ, ಡೆಲ್ಟಾಯ್ಡ್ ಮೇಲಿನ ಚರ್ಮದ ಸ್ಪರ್ಶಜ್ಞಾನ ನೋಡಿ; ಸ್ಕ್ಯಾನನ್ನು ವಾರಗಟ್ಟಲೆ ಮುಂದೂಡಬೇಡಿ.