ರಾಸ್ಪ್‌ಬೆರಿ ಪೈ 4ಕ್ಕೆ ನಮ್ಮದೇ ಲಿನಕ್ಸ್ ಇಮೇಜ್: ಟಿಕ್ ತೆಗೆದರೂ ಹೋಗದ ಪ್ಯಾಕೇಜ್

ಸರಿ, ಕಾಣ್ತಿರೋದು ಬಿಲ್ಡ್‌ರೂಟ್ ಫೋಲ್ಡರ್, ಅಂದ್ರೆ ಸೋರ್ಸ್‌ನಿಂದ ಲಿನಕ್ಸ್ ಇಮೇಜ್ ಕಟ್ಟಿಕೊಡೋ ಟೂಲ್‌ದು. ಬೋರ್ಡು ರಾಸ್ಪ್‌ಬೆರಿ ಪೈ 4, ಒಂದೇ ಬೋರ್ಡಿನ ಸಣ್ಣ ಕಂಪ್ಯೂಟರ್. ಈ ಬೋರ್ಡಿನ ರೆಡಿ ಸೆಟ್ಟಿಂಗ್, ಅಂದ್ರೆ 64 ಬಿಟ್ ಡೆಫ್‌ಕಾನ್ಫಿಗ್ ಕೊಟ್ಟಾಯ್ತು, ಬೇಕಾದ್ದನ್ನ ಆರಿಸೋ ಮೆನುಕಾನ್ಫಿಗ್ ತೆರೆದಿದೆ. ಪೈಥಾನ್, ಸ್ಕ್ರೀನ್ ಮೇಲೆ ಕಿಟಕಿ, ಬಟನ್ ತೋರಿಸೋ ಲೈಬ್ರರಿ ಕ್ಯೂಟಿ, ಎಸ್‌ಎಸ್‌ಎಚ್ ಸರ್ವರ್ ಡ್ರಾಪ್‌ಬೇರ್ ಟಿಕ್ ಆಗ್ತಿರೋದನ್ನ ನೀವೇ ನೋಡ್ತಿದೀರಿ, ಓದಿ ಹೇಳಲ್ಲ. ಸಿಸ್ಟಮ್ ಕಾನ್ಫಿಗರೇಶನ್‌ನಲ್ಲಿ ರೂಟ್ ಪಾಸ್‌ವರ್ಡ್ ಮಾತ್ರ ಮರೀದೆ ಹಾಕಿ. ಖಾಲಿ ಬಿಟ್ರೆ ಸೀರಿಯಲ್ ಕೇಬಲ್‌ನಲ್ಲಿ ಲಾಗಿನ್ ಆಗತ್ತೆ, ಎಸ್‌ಎಸ್‌ಎಚ್‌ನಲ್ಲಿ, ಅಂದ್ರೆ ನೆಟ್‌ವರ್ಕ್ ಮೂಲಕ, ಡ್ರಾಪ್‌ಬೇರ್ ಒಳಗೆ ಬಿಡಲ್ಲ.

ಈಗ ಮೇಕ್, ಕಟ್ಟೋದನ್ನ ಶುರು ಮಾಡೋ ಕಮಾಂಡ್. ಮುಂದೆ ಮೈನಸ್ ಜೆ 8 ಅಂತ ಸೇರಿಸೋ ಅಭ್ಯಾಸ ತುಂಬಾ ಜನಕ್ಕಿದೆ, ಇಲ್ಲಿ ಬೇಡ. ಎಷ್ಟು ಕೋರ್ ಬಳಸಬೇಕು ಅನ್ನೋದನ್ನ ಬಿಲ್ಡ್‌ರೂಟ್ ತಾನೇ ನೋಡ್ಕೊಳ್ಳತ್ತೆ. ಸುಡೋ, ಅಂದ್ರೆ ರೂಟ್ ಅಧಿಕಾರದಲ್ಲಿ ಓಡಿಸೋದು, ಅಂತೂ ಬೇಡವೇ ಬೇಡ.

ಮೊದಲು ಕಂಪೈಲರ್, ಸಿ ಲೈಬ್ರರಿ ಕಟ್ಟತ್ತೆ, ಹೊತ್ತು ಹಿಡಿಯೋದು ಅಲ್ಲೇ. ಮಧ್ಯೆ ಕರೆಂಟ್ ಹೋದ್ರೆ ಗಾಬರಿ ಬೇಡ. ಯಾವ ಹಂತ ಮುಗೀತು ಅನ್ನೋದಕ್ಕೆ ಪ್ರತಿ ಪ್ಯಾಕೇಜಿನ ಫೋಲ್ಡರಲ್ಲೂ ಸ್ಟಾಂಪ್ ಅಂತ ಒಂದು ಖಾಲಿ ಫೈಲ್ ಬೀಳತ್ತೆ. ಮತ್ತೆ ಮೇಕ್ ಕೊಟ್ರೆ ನಿಂತಲ್ಲಿಂದ ಮುಂದುವರಿಯತ್ತೆ. ಅರ್ಧ ಬರೆದ ಫೈಲ್ ಉಳಿದು ಯಾವುದಾದ್ರೂ ಪ್ಯಾಕೇಜ್ ತಕರಾರು ಮಾಡಿದ್ರೆ ಅದರ ಹೆಸರಿಗೆ ಹೈಫನ್ ಹಾಕಿ ಡರ್‌ಕ್ಲೀನ್ ಅಂತ... ತಡೀರಿ, ಎರರ್ ಬಂತು.

ಎಲ್ಲ ಕಂಪೈಲ್ ಆಗಿ, ಕಟ್ಟಕಡೆಗೆ ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇಮೇಜ್ ತುಂಬೋವಾಗ ನಿಂತಿದೆ. ಈ ಡೆಫ್‌ಕಾನ್ಫಿಗ್ ರೂಟ್ ಫೈಲ್‌ಸಿಸ್ಟಮ್‌ಗೆ ಇಟ್ಟಿರೋದು 120 ಎಂಬಿ, ಹಾಕಿದ್ದು ಅದನ್ನ ಮೀರಿದೆ. ಕ್ಯೂಟಿ ಇಲ್ಲದೇನೂ ನಡೆಯತ್ತೆ, ಟಿಕ್ ತೆಗೆದು ಮತ್ತೆ ಮೇಕ್ ಕೊಡೋಣ.

ಅದೇ ಎರರ್! ಔಟ್‌ಪುಟ್ ಒಳಗಿನ ಟಾರ್ಗೆಟ್ ಫೋಲ್ಡರ್ ನೋಡಿ, ತೂಕ ಸ್ವಲ್ಪಾನೂ ಇಳಿದಿಲ್ಲ. ಯುಎಸ್‌ಆರ್, ಅದರೊಳಗೆ ಲಿಬ್... ಇಲ್ಲಿದೆ, ಲಿಬ್‌ಕ್ಯೂಟಿ5ಕೋರ್, ಹಾಗೇ ಕೂತಿದೆ. ಎಲ್ಲ ಪ್ಯಾಕೇಜೂ ಬಂದು ಬೀಳೋದು ಈ ಒಂದೇ ಫೋಲ್ಡರಿಗೆ. ಟಿಕ್ ತೆಗೆದ್ರೆ ಇನ್ನು ಮುಂದೆ ಹಾಕೋದು ನಿಲ್ಲತ್ತೆ ಅಷ್ಟೇ, ಆಗಲೇ ಬಿದ್ದಿರೋದನ್ನ ಎತ್ತಿ ಹಾಕೋರು ಯಾರೂ ಇಲ್ಲ. ಡರ್‌ಕ್ಲೀನ್ ಕೂಡ ಇದನ್ನ ಮುಟ್ಟಲ್ಲ, ಅದು ಅಳಿಸೋದು ಬಿಲ್ಡ್ ಫೋಲ್ಡರ್ ಮಾತ್ರ.

ಇದು ಕೆಟ್ಟ ವಿನ್ಯಾಸ. ಅಲ್ಲ, ಆ ಮಾತು ವಾಪಸ್. ಡೆಬಿಯನ್ ಥರ ಪ್ಯಾಕೇಜ್ ಹಾಕಿ ತೆಗೆಯೋ ಸಿಸ್ಟಮ್ ಇದಲ್ಲ, ಒಂದು ಕಾನ್ಫಿಗ್‌ನಿಂದ ಒಂದು ಇಮೇಜನ್ನ ಬುಡದಿಂದ ಕಟ್ಟೋ ಟೂಲ್. ಒಳಗಿನ ಮೇಕ್‌ಫೈಲ್ ಓದಿದ್ರೆ ಅರ್ಥ ಆಗೋ ಹಾಗಿರೋದು ಇಷ್ಟು ಸರಳವಾಗಿರೋದಕ್ಕೇ. ಆದ್ರೂ ಟಿಕ್ ತೆಗೆಯೋವಾಗ ಮೆನುವಿನಲ್ಲೇ ಒಂದು ಸಾಲು ಎಚ್ಚರಿಕೆ ಇರಬೇಕಿತ್ತು.

ಈಗ ದಾರಿ ಮೇಕ್ ಕ್ಲೀನ್. ಔಟ್‌ಪುಟ್ ಹೋಗತ್ತೆ, ಕಾನ್ಫಿಗ್ ಮತ್ತೆ ಡೌನ್‌ಲೋಡ್ ಆಗಿರೋ ಸೋರ್ಸ್ ಉಳಿಯತ್ತೆ. ಕೈ ತಪ್ಪಿ ಡಿಸ್ಟ್‌ಕ್ಲೀನ್ ಕೊಡಬೇಡಿ, ಕಾನ್ಫಿಗೂ ಅಳಿಸಿಹೋಗತ್ತೆ. ಹೇಗೂ ಎಲ್ಲ ಮೊದಲಿಂದ ಆಗಬೇಕಲ್ಲ, ಹಾಗಾಗಿ ಟೂಲ್‌ಚೈನ್ ಮೆನುವಿನಲ್ಲಿ ಎಕ್ಸ್‌ಟರ್ನಲ್ ಆಯ್ಕೆ ಮಾಡಿದೀವಿ. ರೆಡಿ ಕಂಪೈಲರ್ ಇಳಿಯತ್ತೆ, ಕಟ್ಟೋ ಹೊತ್ತು ಉಳೀತು. ಫೈಲ್‌ಸಿಸ್ಟಮ್ ಸೈಜ್ 512 ಎಂಬಿ.

ಇಮೇಜ್ ಬಂತು, ಕಾರ್ಡಿಗೆ ಬರೀತಿದೆ. ಬರೆಯೋ ಕಮಾಂಡ್ ಡಿಡಿ ಕೊಡೋ ಮುಂಚೆ ಡಿಸ್ಕುಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಕಾರ್ಡಿನ ಹೆಸರು ಖಾತ್ರಿ ಮಾಡ್ಕೊಳ್ಳಿ, ಒಂದಕ್ಷರ ತಪ್ಪಿದ್ರೆ ಲ್ಯಾಪ್‌ಟಾಪಿನ ಡಿಸ್ಕೇ ಅಳಿಸಿಹೋಗತ್ತೆ.

ಸೀರಿಯಲ್ ಕೇಬಲ್: ಗ್ರೌಂಡ್ 6ನೇ ಪಿನ್ನಿಗೆ, ಕೇಬಲ್ಲಿನ ಆರ್‌ಎಕ್ಸ್ (ಡೇಟಾ ತಗೊಳ್ಳೋ ವೈರ್) 8ಕ್ಕೆ, ಟಿಎಕ್ಸ್ (ಕಳಿಸೋ ವೈರ್) 10ಕ್ಕೆ. ಕೆಂಪು ವೈರ್ ಪವರ್‌ದು, ಎಲ್ಲಿಗೂ ಸೇರಿಸದೆ ಬಿಡಿ. ಬೆಂಗಳೂರಲ್ಲಿ ಎಸ್‌ಪಿ ರೋಡಿಗೆ ಹೋಗಿ ಈ ಕೇಬಲ್ ತರೋರು 3.3 ವೋಲ್ಟ್‌ದು ಅಂತ ಬಾಯಿಬಿಟ್ಟು ಕೇಳಿ. 5 ವೋಲ್ಟ್ ಸಿಗ್ನಲ್ ಈ ಪಿನ್‌ಗಳು ತಡೆಯಲ್ಲ. ಸ್ಪೀಡ್ 115200.

ಪವರ್ ಕೊಟ್ಟಾಯ್ತು, ಕರ್ನಲ್ ಸಾಲುಗಳು ಓಡ್ತಿವೆ. ಲಾಗಿನ್ ಕೇಳ್ತಿದೆ. ಒಳಗೆ ಬಂದ್ವಿ. ಯುಎಸ್‌ಆರ್ ಲಿಬ್‌ನಲ್ಲಿ ಕ್ಯೂಟಿ ಹುಡುಕೋಣ... ಒಂದೂ ಇಲ್ಲ.