ಕಬ್ಬು ನಮ್ಮದು, ಯೀಸ್ಟ್ ಯಾರದು?

ನಮಸ್ಕಾರ, ಬೆಳಗಾವಿಯಿಂದ ಮಾತಾಡುತ್ತಿದ್ದೇನೆ.

2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಧರಣಿ ಕೂತದ್ದು ನೆನಪಿದೆ ಅಲ್ವಾ? ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ. ನ್ಯಾಯವಾದ ಜಗಳವೇ. ಪ್ರತಿ ಹಂಗಾಮಿನಲ್ಲೂ ದರದ ಬಗ್ಗೆ ಗಂಟಲು ಹರಿದುಕೊಳ್ಳುತ್ತೇವೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಎಥನಾಲ್ ಮಾಡುವ ಸೂಕ್ಷ್ಮಜೀವಿ ಯೀಸ್ಟ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಈ ಯೀಸ್ಟ್‌ನ ಜೀವಕೋಶದಲ್ಲಿ ಸಕ್ಕರೆಗೆ ಇನ್ನೊಂದು ದಾರಿಯೂ ಇದೆ. ಸ್ವಲ್ಪ ಭಾಗ ಹಲವು ಹಂತ ದಾಟಿ ಎಫ್‌ಪಿಪಿ ಅನ್ನುವ ಅಣುವಾಗುತ್ತದೆ, ಅದರಿಂದ ಎರ್ಗೋಸ್ಟೆರಾಲ್ ಆಗುತ್ತದೆ. ಕೋಶದ ಪೊರೆಗೆ ಅದು ಬೇಕೇ ಬೇಕು. ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿ ಜೇ ಕೀಸ್ಲಿಂಗ್ ತಂಡ ಕೈ ಹಾಕಿದ್ದು ಇಲ್ಲಿಗೇ. ಎಫ್‌ಪಿಪಿ ಜಾಸ್ತಿ ಆಗುವಂತೆ ಮಾಡಿದರು, ಎರ್ಗೋಸ್ಟೆರಾಲ್ ಕಡೆ ಹೋಗುವುದನ್ನು ತಗ್ಗಿಸಿದರು, ಆರ್ಟೆಮಿಸಿಯಾ ಗಿಡದ ಜೀನ್‌ಗಳನ್ನು ಸೇರಿಸಿದರು. 2006ರಲ್ಲಿ ಯೀಸ್ಟ್ ಆರ್ಟೆಮಿಸಿನಿಕ್ ಆಮ್ಲ ಕೊಟ್ಟಿತು. ಅದರಿಂದ ಆರ್ಟೆಮಿಸಿನಿನ್ ಅನ್ನುವ ಮಲೇರಿಯಾ ಔಷಧಿ ಮಾಡಬಹುದು. 2013ರ ಹೊತ್ತಿಗೆ ಲೀಟರಿಗೆ 25 ಗ್ರಾಂ!

ಎರ್ಗೋಸ್ಟೆರಾಲ್ ದಾರಿಯನ್ನು ಪೂರ್ತಿ ಮುಚ್ಚಿದರೆ ಯೀಸ್ಟೇ ಸಾಯುತ್ತದೆ. ಘಟಪ್ರಭಾ ಕಾಲುವೆಯ ಗೇಟಿನ ಮುಂದೆ ಜಗಳ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಎಷ್ಟು ಎಳೆದರೆ ಟೇಲ್ ಎಂಡ್ ಹೊಲ ಒಣಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ನಾಳೆಯೇ ನಮ್ಮ ಊರುಗಳು ಉದ್ಧಾರವಾಗುತ್ತವಾ? ಸ್ವಲ್ಪ ತಡೆಯಿರಿ. ಕೀಸ್ಲಿಂಗ್ ಮತ್ತು ಜೊತೆಗಾರರು ಕಟ್ಟಿದ ಅಮೈರಿಸ್ ಕಂಪನಿ ಬ್ರೆಜಿಲ್‌ನ ಕಬ್ಬಿನ ಸಕ್ಕರೆಯನ್ನು ಯೀಸ್ಟ್‌ಗೆ ತಿನ್ನಿಸಿ ಫಾರ್ನೆಸೀನ್ ಅನ್ನುವ ಎಣ್ಣೆಯಂಥ ದ್ರವ ತೆಗೆಯಿತು. ಡೀಸೆಲ್ ಮಾಡುತ್ತೇವೆ ಅಂದಿತು. ಲೆಕ್ಕ ಕೂಡಲಿಲ್ಲ. ಕೊನೆಗೆ ಮುಖಕ್ಕೆ ಹಚ್ಚುವ ಸ್ಕ್ವಾಲೇನ್‌ಗೆ ಇಳಿಯಿತು, 2023ರಲ್ಲಿ ದಿವಾಳಿ ಅರ್ಜಿಯನ್ನೂ ಹಾಕಿತು. ಗಿಡದ ಆರ್ಟೆಮಿಸಿನಿನ್ ಅಗ್ಗವಾದಾಗ ಯೀಸ್ಟ್‌ನದ್ದು ಮಾರುಕಟ್ಟೆಯಲ್ಲಿ ಹಿಂದೆ ಬಿತ್ತು. ನನ್ನ ಪ್ರಕಾರ ಅಗ್ಗದ ಸರಕಿಗೆ ಈ ವಿದ್ಯೆ ದಂಡ. ಔಷಧಿ, ಸುಗಂಧದಂಥ ದುಬಾರಿ ಸರಕಿಗಷ್ಟೇ ಗಿಟ್ಟುತ್ತದೆ.

ಕೇಂದ್ರ ಸರ್ಕಾರ 2024ರಲ್ಲಿ, ಜೀವಿಗಳಿಂದ ಸರಕು ತಯಾರಿಸುವ ಬಯೋಟೆಕ್ ಉದ್ಯಮಕ್ಕೆ ಒತ್ತು ಕೊಡುವ ಬಯೋ-ಇ3 ನೀತಿ ತಂದಿದೆ. ಬಯೋಟೆಕ್ ಅಂದ ಕೂಡಲೇ ಎಲ್ಲರೂ ಬೆಂಗಳೂರಿನ ಕಡೆ ಮುಖ ಮಾಡುತ್ತಾರೆ. ಯಾಕೆ? ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ವಿಟಿಯು ಇದೆ. ಮುಧೋಳ, ಜಮಖಂಡಿ ಕಡೆ ಡಿಸ್ಟಿಲರಿಯ ಹುದುಗುವ ಟ್ಯಾಂಕು ನಡೆಸಿ ಕೈ ಪಳಗಿದವರಿದ್ದಾರೆ. ಯೀಸ್ಟ್ ತಳಿ ಇಲ್ಲೇ ತಯಾರಾಗಲಿ. ಅದರ ಹಕ್ಕು ಸರ್ಕಾರಿ ಸಂಸ್ಥೆಯ ಹೆಸರಲ್ಲಿರಲಿ, ರಾಯಲ್ಟಿಯಲ್ಲಿ ಬೆಳೆಗಾರರಿಗೆ ಪಾಲು ಇರಲಿ. ಬಿಟಿ ಹತ್ತಿ ಬೀಜಕ್ಕೆ ವರ್ಷಗಟ್ಟಲೆ ಟ್ರೇಟ್ ಫೀ, ಅಂದರೆ ಜೀನ್ ತಂತ್ರಜ್ಞಾನದ ಒಡೆಯರಿಗೆ ಹೋಗುವ ಶುಲ್ಕ, ಕಟ್ಟಿದ್ದು ಸಾಲದಾ?

ನಿಮ್ಮಲ್ಲಿ ಸಹಕಾರಿ ಕಾರ್ಖಾನೆಯ ಶೇರುದಾರರಿದ್ದರೆ ಈ ಸಲದ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಡಿಸ್ಟಿಲರಿಗೆ ಯೀಸ್ಟ್ ಎಲ್ಲಿಂದ ಬರುತ್ತದೆ, ಅದಕ್ಕೆ ವರ್ಷಕ್ಕೆ ಎಷ್ಟು ದುಡ್ಡು ಯಾರ ಕೈ ಸೇರುತ್ತದೆ? ಉತ್ತರ ಸಿಕ್ಕರೆ ಕಾಮೆಂಟ್‌ನಲ್ಲಿ ಹಾಕಿ.