ಸೊನ್ನೆ ಯಾವುದು, ಅನುಸ್ವಾರ ಯಾವುದು?

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಎರಡು ಪದಗಳಿವೆ: ಬೆಂಗಳೂರು, ಬೆ೦ಗಳೂರು. ಓದುವುದಕ್ಕೆ ಎರಡೂ ಒಂದೇ, ಅಲ್ವಾ? ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿಯ ಸೊನ್ನೆ. ಬಾಯಲ್ಲಿ ಎರಡನ್ನೂ ಸೊನ್ನೆ ಅಂತಲೇ ಕರೆಯುತ್ತೇವೆ. ಟೈಪ್ ಮಾಡುವಾಗ ಕೈ ತಪ್ಪುವುದು ಸಹಜ.

ಒಮ್ಮೆ ಒಂದು ಪುಸ್ತಕದ ಕರಡು ತಿದ್ದುತ್ತಿದ್ದೆ. 'ಬೆಂಗಳೂರು' ಎಂದು ಹುಡುಕಿದರೆ ಅರ್ಧದಷ್ಟೂ ಸಿಗಲಿಲ್ಲ. ಕಾರಣ ಗೊತ್ತಾದ ಕೂಡಲೇ ಅಂಕಿ ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡಿಬಿಟ್ಟೆ. ೧೯೫೦, ೨೦೦ ರೂಪಾಯಿ, ಹೀಗೆ ಎಲ್ಲ ಇಸವಿ, ಎಲ್ಲ ಲೆಕ್ಕ ಕೆಟ್ಟುಹೋದವು. ಸರಿಮಾಡಲು ಎರಡು ದಿನ ಬೇಕಾಯಿತು.

ನನಗೆ ಬೇಕಿದ್ದದ್ದು ಅಕ್ಷರಕ್ಕೆ ಅಂಟಿಕೊಂಡು ಬಂದ ಸೊನ್ನೆ ಮಾತ್ರ. ಹೀಗೆ ಗುರುತು ಹೇಳಿ ಹುಡುಕಿಸುವ ಬರಹವೇ ರೆಗ್ಯುಲರ್ ಎಕ್ಸ್‌ಪ್ರೆಶನ್, ಚಿಕ್ಕದಾಗಿ ರೆಜೆಕ್ಸ್. ಗಣಿತಜ್ಞ ಸ್ಟೀಫನ್ ಕ್ಲೇನಿ 1950ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಇದನ್ನು ಹುಡುಕಾಟಕ್ಕೆ ತಂದರು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹೀಗೆ ಹುಡುಕುವ ಪ್ರೋಗ್ರಾಂ ಗ್ರೆಪ್ 1973ರದ್ದು.

ಕೆಲವೇ ಚಿಹ್ನೆ ಸಾಕು. ಚುಕ್ಕಿ ಇಟ್ಟರೆ ಯಾವುದಾದರೂ ಒಂದು ಅಕ್ಷರ. ಚೌಕ ಆವರಣ ಹಾಕಿದರೆ ಅದರೊಳಗಿನ ಯಾವುದಾದರೂ ಒಂದು. ಅದರೊಳಗೆ ಅಡ್ಡಗೆರೆ ಇದ್ದರೆ ಇಲ್ಲಿಂದ ಅಲ್ಲಿಯ ತನಕದ ಇಡೀ ಸಾಲು. ಕೂಡಿಸುವ ಚಿಹ್ನೆ ಅಂದರೆ ಒಂದೋ, ಇನ್ನೂ ಜಾಸ್ತಿಯೋ. ಹಾಗಾಗಿ [೦-೯]+ ಎಂದರೆ ೫ ಕೂಡ ಸಿಗುತ್ತದೆ, ೧೯೫೦ ಕೂಡ. ಪ್ರಶ್ನೆ ಚಿಹ್ನೆ ಅಂದರೆ ಅದರ ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮಗೆ 'ಕಿ' ಒಂದು ಅಕ್ಷರ. ರೆಜೆಕ್ಸ್‌ಗೆ ಅದು ಎರಡು: ಕ ಮತ್ತು ಗುಡಿಸು. 'ಕ್ಷಿ' ನಾಲ್ಕು: ಕ, ಅರ್ಧಾಕ್ಷರದ ಗುರುತು, ಷ, ಗುಡಿಸು. ಇದು ತಿಳಿಯದೆ ಕನ್ನಡದಲ್ಲಿ ಹುಡುಕಲು ಹೊರಟರೆ ತಲೆ ಕೆಡುತ್ತದೆ. ತಿಳಿದರೆ ಅನುಕೂಲವೇ. ಸುಮ್ಮ?ನೆ ಎಂದು ಹುಡುಕಿ. 'ಸುಮ್ಮನೆ' ಸಿಗುತ್ತದೆ, 'ಸುಮ್ನೆ'ಯೂ ಸಿಗುತ್ತದೆ. ಪ್ರಶ್ನೆ ಚಿಹ್ನೆ ಇಡೀ 'ಮ್ಮ'ಕ್ಕೆ ಹತ್ತಿದಂತೆ ಕಾಣುತ್ತದೆ, ಆದರೆ ಅದು ಹತ್ತಿರುವುದು ಎರಡನೇ ಮಕಾರಕ್ಕೆ ಮಾತ್ರ. ಆ ಮ ಹೋದರೆ ಮೊದಲ ಮಕಾರಕ್ಕೆ ನ ಒತ್ತಾಗಿ ಬಂದು ಕೂರುತ್ತದೆ. ಇದನ್ನು ಮೊದಲ ಸಲ ಕಂಡ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಈಗ ನಮ್ಮ ಸೊನ್ನೆಗೆ ಬರೋಣ. [ಅ-ಹ]೦ ಎಂದು ಹುಡುಕಿದರೆ ಅ೦ಗಡಿ, ಗ೦ಧ ಸಿಗುತ್ತವೆ. ಬೆ೦ಗಳೂರು ಸಿಗುವುದಿಲ್ಲ. ಯಾಕೆ? ಅಲ್ಲಿ ಬ ಮತ್ತು ಸೊನ್ನೆಯ ನಡುವೆ ಎತ್ವವಿದೆ. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿಯೇ ಯುನಿಕೋಡ್. ಅದರ ಸಾಲಿನಲ್ಲಿ ಗುಣಿತದ ಗುರುತುಗಳು ಹಕಾರ, ಳಕಾರ ಎಲ್ಲ ದಾಟಿದ ಮೇಲೆ ಬರುತ್ತವೆ. ಅಂಕಿಗಳು ಇನ್ನೂ ಆಚೆ. ಹಾಗಾಗಿ ಸಾಲನ್ನು ಔತ್ವದ ತನಕ ಎಳೆಯಬೇಕು: [ಅ-ೌ]೦. ನೋಡಲು ವಿಚಿತ್ರವಾಗಿದೆ, ಕೆಲಸ ಮಾತ್ರ ಅಚ್ಚುಕಟ್ಟು. ೨೦೦ರ ತಂಟೆಗೆ ಇದು ಹೋಗುವುದಿಲ್ಲ.

ಬದಲಿಸಲು, ಬರವಣಿಗೆಯ ತಂತ್ರಾಂಶ ಲಿಬ್ರೆ ಆಫೀಸ್ ರೈಟರ್‌ನ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ಸ್ ಎಂಬಲ್ಲಿ ಟಿಕ್ ಹಾಕಿ. ಹುಡುಕುವ ಕಡೆ ([ಅ-ೌ])೦, ಬದಲಿಸುವ ಕಡೆ $1ಂ. ದುಂಡು ಆವರಣದಲ್ಲಿ ಸಿಕ್ಕಿದ್ದನ್ನು $1 ಹಾಗೇ ವಾಪಸ್ ಕೊಡುತ್ತದೆ. ಮೊದಲು ನಾಲ್ಕಾರು ಕಡೆ ಒಂದೊಂದಾಗಿ ನೋಡಿ, ಆಮೇಲೆ ಎಲ್ಲ ಬದಲಿಸಿ.

ಉಲ್ಟಾ ತಪ್ಪೂ ಇದೆ: ೨೦೦ ಎಂದು ಬರೆಯಬೇಕಾದಲ್ಲಿ ೨ಂಂ. ನಿಮ್ಮ ಮುಂದಿನ ಫೈಲಿನಲ್ಲಿ ಅಂಥವು ಹನ್ನೊಂದಿವೆ. [೦-೯]ಂ ಎಂದು ಶುರುಮಾಡಿ. ಒಂದು ಸಲ ಬದಲಿಸಿದ ಮೇಲೂ ಕೆಲವು ಉಳಿಯುತ್ತವೆ. ಯಾಕೆ ಉಳಿದವು ಎಂದು ಪಕ್ಕದವರ ಜೊತೆ ಮಾತಾಡಿ ನೋಡಿ, ನಾನು ಒಂದೊಂದೇ ಮೇಜಿಗೆ ಬರುತ್ತೇನೆ.